ಹುಣಸೆಹಣ್ಣು ಹಚ್ಚಿ ತೊಳೆದ ದುರ್ಬೀನು

ಮೊನ್ನೆ ಹಬ್ಬದ ಹಿಂದಿನ ದಿನ ಸೊಸೆ ಹಿತ್ತಲಲ್ಲಿ ಹಿತ್ತಾಳೆ ಪಾತ್ರೆಗಳನ್ನು ಗುಡ್ಡೆ ಹಾಕಿಕೊಂಡು ತಿಕ್ಕುತ್ತಿದ್ದಳು. ನೆನೆಸಿದ ಹುಣಸೆಹಣ್ಣು, ಬೂದಿ, ಒದ್ದೆ ಹಿತ್ತಾಳೆ... ಈ ಮೂರರ ವಾಸನೆ ಒಟ್ಟಿಗೆ ಮೂಗಿಗೆ ಬಡಿದರೆ ಬೇರೆಯವರಿಗೆ ಹಬ್ಬ ನೆನಪಾಗುತ್ತದೇನೋ. ನನಗೆ ನೆನಪಾಗುವುದು ನಮ್ಮ ಮನೆಯ ಕಾರಣಕ್ಕೆ ನೌಕರಿ ಕಳೆದುಕೊಂಡ ಒಬ್ಬ ಮನುಷ್ಯ. ಈಗ ಸಿಂಧನೂರಿನ ಈ ಮನೆಯಲ್ಲಿ ಅವರನ್ನು ಕಂಡವಳು ನಾನೊಬ್ಬಳೇ.

ಆಗ ನಾನು ಗುರುಗುಂಟಾದಿಂದ ಮಸ್ಕಿಗೆ ಸೊಸೆಯಾಗಿ ಬಂದು ವರ್ಷವೂ ಆಗಿರಲಿಲ್ಲ. ನಿಜಾಮನ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಆ್ಯಕ್ಷನ್ ಮುಗಿದು ಐದಾರು ವರ್ಷ ಕಳೆದಿದ್ದರೂ, ಹೊಸ ಮುಖ ಕಂಡರೆ ಬಾಗಿಲು ಅರ್ಧ ಮುಚ್ಚಿ ಇಣುಕುವ ಚಾಳಿ ಊರಿಗೆ ಇನ್ನೂ ಹೋಗಿರಲಿಲ್ಲ. ಅಂಥ ಹೊತ್ತಿನಲ್ಲಿ ಯಾವುದೋ ದೂರದ ಯೂನಿವರ್ಸಿಟಿಯವರು ಓದುವ ಹುಡುಗರನ್ನು ಕಟ್ಟಿಕೊಂಡು ಗುಡ್ಡದಾಚೆ ನೆಲ ಅಗೆಯಲು ಬಂದರು. ಹಳೆಯ ಕಾಲದ ಗಡಿಗೆ ಚೂರು, ಮಣಿ ಹುಡುಕುತ್ತೇವೆ ಎಂದರು. ಯಾರು ನಂಬುತ್ತಾರೆ? ಅತ್ತ ಹಟ್ಟಿಯಲ್ಲಿ ಬಂಗಾರ ತೆಗೆಯುತ್ತಿದ್ದರು. ಇಷ್ಟು ಓದಿದವರು ಒಡೆದ ಗಡಿಗೆಗಾಗಿ ಬಿಸಿಲಲ್ಲಿ ಒಣಗಲು ಬಂದಾರೆಯೇ, ಇದು ಬಂಗಾರದ್ದೇ ಕೆಲಸ ಎಂದು ಊರೇ ತೀರ್ಮಾನ ಮಾಡಿಬಿಟ್ಟಿತು. ನಾನೂ ಮಾಡಿದೆ. ನನ್ನದು ಹುಟ್ಟಾ ಅನುಮಾನದ ಸ್ವಭಾವ. ಹಾಲಿನವಳು ನಕ್ಕು ಮಾತಾಡಿದರೆ ಇವತ್ತು ನೀರು ಜಾಸ್ತಿ ಬೆರೆಸಿದ್ದಾಳೆ ಎಂದುಕೊಳ್ಳುವವಳು ನಾನು.

ಅವರ ಸಾಮಾನು ಇಡಲು ನಮ್ಮ ಮನೆಯ ಮುಂದಿನ ಕೋಣೆಯನ್ನೇ ಬಾಡಿಗೆಗೆ ಹಿಡಿದರು. ಸಲಿಕೆ, ಗುದ್ದಲಿ, ಡೇರೆ, ಅಳತೆಯ ಟೇಪು, ಜೊತೆಗೆ ನೆಲದ ಏರುತಗ್ಗು ನೋಡುವ ಹಿತ್ತಾಳೆಯ ಒಂದು ದುರ್ಬೀನು. ನೆಲದೊಳಗಿನ ಬಂಗಾರ ಕಾಣುವುದು ಅದರಿಂದಲೇ ಎಂದು ಓಣಿಯವರು ನಂಬಿದ್ದರು. ಇದನ್ನೆಲ್ಲ ಕಾಯಲು ಬಂದವರನ್ನು ನಾವು ಕೀಲಿ ಸಾಹೇಬರು ಎನ್ನುತ್ತಿದ್ದೆವು. ಕಲಬುರ್ಗಿ ಕಡೆಯವರು, ತೆಳ್ಳಗೆ, ತಲೆಗೊಂದು ಕಪ್ಪು ಟೋಪಿ, ಸೊಂಟದಲ್ಲಿ ಕೀಲಿಕೈ ಗೊಂಚಲು. ನನ್ನ ಅನುಮಾನ ಅವರದರ ಮುಂದೆ ಏನೂ ಅಲ್ಲ. ಲಿಂಗಸುಗೂರಿನಿಂದ ಕೆಂಪು ಬಣ್ಣ ತರಿಸಿ ಒಂದೊಂದು ಸಾಮಾನಿನ ಮೇಲೂ ಅಂಕಿ ಬರೆದಿದ್ದರು. ಸುಣ್ಣ ಬಳಿದ ನಮ್ಮ ಗೋಡೆಯ ಮೇಲೆ ಪ್ರತಿಯೊಂದು ಸಲಿಕೆಯ ಸುತ್ತ ಇದ್ದಲಿನಿಂದ ಗೆರೆ ಎಳೆದಿದ್ದರು. ಸಂಜೆ ಯಾವ ಗೆರೆಯೊಳಗೆ ಸಾಮಾನು ಇರುವುದಿಲ್ಲವೋ ಅದು ಬಂದಿಲ್ಲ ಎಂದು ಲೆಕ್ಕ. ಗೋಡೆ ಹೊಲಸು ಮಾಡಿದರೆಂದು ನಮ್ಮತ್ತೆ ಎರಡು ದಿನ ಅವರ ಜೊತೆ ಮಾತು ಬಿಟ್ಟಿದ್ದರು.

ಕುಡಿಯುವ ನೀರಿಗೆಂದು ನಮ್ಮ ದೊಡ್ಡ ಹಿತ್ತಾಳೆ ಕೊಡವನ್ನು ಗುಡ್ಡಕ್ಕೆ ಒಯ್ದಾಗ ಅದರ ತಳಕ್ಕೂ ಒಂದು ಕೆಂಪು ಬಳೆ ಬರೆದುಬಿಟ್ಟರು. ಅತ್ತೆ ಕೂಗಾಡಿದರು.

"ಇದು ನಿಮ್ಮ ಮನಿ ಮಾಲ್ ಅಂತ ಗುರುತು ಇರಲಿ, ಅಮ್ಮಾ. ಇಲ್ಲಾಂದ್ರ ನಾಳೆ ಯೂನಿವರ್ಸಿಟಿ ಲೆಕ್ಕದಾಗ ಸೇರಿ ಹೋಗ್ತದ" ಎಂದರು ಅವರು. ಅತ್ತೆ ಸುಮ್ಮನಾದರು. ನಾನು ಆಗಲಿಲ್ಲ. ಬೇರೆಯವರ ಮನೆಯ ಕೊಡದ ಬಗ್ಗೆ ಇಷ್ಟು ಕಾಳಜಿ ತೋರಿಸುವವನ ಹೊಟ್ಟೆಯಲ್ಲಿ ಏನೋ ಇರಬೇಕು ಎಂದುಕೊಂಡೆ.

ಅದಕ್ಕೆ ಕಾರಣವೂ ಇತ್ತು. ದಿನಾ ಸಂಜೆ, ಕೂಲಿಯವರೆಲ್ಲ ಮನೆ ಸೇರಿದ ಮೇಲೆ, ಇವರು ಒಬ್ಬರೇ ಗುಡ್ಡದ ಕಡೆ ಹೋಗುತ್ತಿದ್ದರು. ಹೋಗುವಾಗ ಬಗಲಲ್ಲಿ ಖಾಲಿ ಚೀಲ, ಬರುವಾಗ ಅದು ಭಾರ. ಯಾರಾದರೂ ಎದುರಾದರೆ ಆ ಚೀಲ ಇನ್ನೊಂದು ಬಗಲಿಗೆ ಹೋಗುತ್ತಿತ್ತು. "ಏನೋ ಮಾರಾಕತ್ತಾನ ನೋಡ ಇಂವ" ಎಂದು ನಮ್ಮ ಮನೆಯವರು ಪಿಸುಗುಟ್ಟುತ್ತಿದ್ದರು. ಅತ್ತೆ ಮಾತ್ರ ಈ ಮಾತಿಗೆ ಸೊಪ್ಪು ಹಾಕುತ್ತಿರಲಿಲ್ಲ. ಸಾಹೇಬರಿಗೆ ಚಳಿಜ್ವರ ಬಂದಾಗ ಗಂಜಿ ಕಾಸಿ ಕೊಟ್ಟಿದ್ದ ಅತ್ತೆಗೆ, ತನ್ನ ಕೈಯ ಗಂಜಿ ಕುಡಿದವನು ಕಳ್ಳನಾಗಿರಲಾರ ಎಂಬ ನಂಬಿಕೆ.

ಆಮೇಲೆ ಮಾನಮಿ ಹಬ್ಬ ಬಂತು. ದುಡಿಯುವ ಸಾಮಾನನ್ನೆಲ್ಲ ತೊಳೆದು ವಿಭೂತಿ ಹಚ್ಚಿ ಪೂಜಿಸುವ ದಿನ. ಪೂಜೆಯಾಗದ ಗುದ್ದಲಿಯನ್ನು ಮುಟ್ಟುವುದಿಲ್ಲ ಎಂದು ಕೂಲಿಯವರು ಪಟ್ಟು ಹಿಡಿದರು. ಕೀಲಿ ಸಾಹೇಬರು ಒಪ್ಪಲಿಲ್ಲ. "ಯೂನಿವರ್ಸಿಟಿ ಮಾಲ್ ಅದರೀ ಅಮ್ಮಾ. ಒಂದು ಸಲಿಕಿ ಆಕಡಿ ಈಕಡಿ ಆದ್ರೂ ನನ್ನ ನೌಕರಿ ಹೋಗ್ತದ" ಎಂದರು.

"ನಮ್ಮ ಮನ್ಯಾಗ ಇದ್ದ ಸಾಮಾನು ಹಬ್ಬದ ದಿನ ಪೂಜಿ ಇಲ್ಲದ ಕುಂದರಬಾರದ್ರೀ. ನಾಳಿ ಯಾರದರ ಕಾಲಿಗಿ ಗುದ್ದಲಿ ಬಿದ್ರ ಹೊಣಿ ಯಾರು?" ಎಂದರು ಅತ್ತೆ.

ಆ ದಿನವೇ ಸಿಂಧನೂರಿಗೆ ಲಾರಿಯಲ್ಲಿ ಹೊಸ ಡೇರೆಗಳು ಬರುವುದಿತ್ತು. ಇವರು ಹೋಗಲೇಬೇಕು. ಬಾಗಿಲ ಮುಂದೆ ಬಹಳ ಹೊತ್ತು ನಿಂತರು. ಕೊನೆಗೆ ಗೊಂಚಲಿನಿಂದ ಒಂದು ಕೀಲಿಕೈ ಬಿಚ್ಚಿ ಅತ್ತೆಯ ಕೈಗಿಟ್ಟು, "ಬ್ಯಾರೆ ಯಾರಿಗೂ ಕೊಡಬ್ಯಾಡ್ರಿ, ಅಮ್ಮಾ" ಎಂದಷ್ಟೇ ಹೇಳಿ ಬಸ್ಸಿಗೆ ಹೋದರು. ಅವರು ಯಾರನ್ನಾದರೂ ನಂಬಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನಾನು ಒಳಗೆ ಹೋಳಿಗೆ ಬೇಯಿಸುತ್ತಿದ್ದೆ. ಹಿತ್ತಲಲ್ಲಿ ಅತ್ತೆ ಮತ್ತು ಕೂಲಿ ಹೆಂಗಸರು ಸೀರೆ ಎತ್ತಿಕಟ್ಟಿ ಕುಳಿತಿದ್ದರು. ಅತ್ತೆ ಅರೆಮನಸ್ಸಿನ ಕೆಲಸ ಮಾಡಿದವರಲ್ಲ. ಸಲಿಕೆ, ಗುದ್ದಲಿಗಳನ್ನು ಇಟ್ಟಂಗಿ ಪುಡಿ ಹಾಕಿ ತೆಂಗಿನ ನಾರಿನಿಂದ ಉಜ್ಜಿದರು. ಓದು ಬಾರದ ಅವರಿಗೆ ಆ ಕೆಂಪು ಅಂಕಿಗಳು ಹತ್ತಿಕೊಂಡ ಹೊಲಸು. ಬಿಡದಿದ್ದ ಕಡೆ ಚಾಕುವಿನಿಂದ ಕೆರೆದರು. ದುರ್ಬೀನು ಹಿತ್ತಾಳೆಯದಲ್ಲವೇ? ದೇವರ ಸಾಮಾನಿಗೆ ಮಾಡುವಂತೆ ಅದಕ್ಕೂ ಹುಣಸೆಹಣ್ಣು ಹಚ್ಚಿ, ಬಾನಿಯ ನೀರಲ್ಲಿ ಮುಳುಗಿಸಿ ತೆಗೆದರು. ನಾನು ಹೊರಗೆ ಬಂದಾಗ ಅದು ಬಿಸಿಲಲ್ಲಿ ಒಣಗುತ್ತಿತ್ತು. ಅದರ ಗಾಜಿನ ಮೇಲೆ ಮೂರು ಬೆರಳ ವಿಭೂತಿ.

ಇಳಿಹೊತ್ತಿಗೆ ಸಾಹೇಬರು ಬಂದರು. ಬಯ್ಯುತ್ತಾರೆ ಎಂದು ನಾನು ಕಿವಿ ಗಟ್ಟಿ ಮಾಡಿಕೊಂಡೆ. ಅವರು ಟೋಪಿ ತೆಗೆದು ಕಟ್ಟೆಯ ಮೇಲೆ ಕೂತರು. ದುರ್ಬೀನನ್ನು ಕಣ್ಣಿಗೆ ಹಿಡಿದರು, ಒಳಗೆ ಬರೀ ಮಬ್ಬು. ಅತ್ತೆ ಹೊಗಳಿಕೆಗೆ ಕಾದು ನಿಂತಿದ್ದರು. ಅವರು ಅತ್ತೆಯ ಮುಖ ನೋಡಿ, "ಛಲೋ ಹೊಳ್ಯಾಕತ್ತದ, ಅಮ್ಮಾ" ಎಂದರು...

ಮರುದಿನದಿಂದ ಮತ್ತೆ ಅಂಕಿ ಬರೆಯಲು ಕೂತರು. ಮುಗಿಯುವ ಮೊದಲೇ ತಪಾಸಣೆಯ ಅಧಿಕಾರಿ ಬಂದಿಳಿದರು. ಯಾವ ಸಲಿಕೆ ಮುಟ್ಟಿದರೂ ಹಸಿ ಬಣ್ಣ ಅವರ ಬೆರಳಿಗೆ ಹತ್ತಿತು. ದುರ್ಬೀನಿನ ಮೇಲೆ ಅಂಕಿಯೇ ಇಲ್ಲ, ಒಳಗೆ ಗಾಜು ಕುರುಡು. ಒಳ್ಳೆಯ ಸಾಮಾನು ಮಾರಿ ಕೆಟ್ಟದ್ದಕ್ಕೆ ಬಣ್ಣ ಹಚ್ಚಿ ಇಟ್ಟಿದ್ದೀಯಾ ಎಂದು ಕೇಳಿದರು. ಕೀಲಿಕೈ ಯಾರ ಹತ್ತಿರ ಇತ್ತು ಎಂದು ಕೇಳಿದರು.

"ನನ್ನ ಹತ್ರಾನೇ ಇತ್ರೀ" ಎಂದರು ಸಾಹೇಬರು.

ಬಾಗಿಲ ಸಂದಿಯಲ್ಲಿ ನನ್ನ ಪಕ್ಕ ನಿಂತಿದ್ದ ಅತ್ತೆ, ಜೀವಮಾನದಲ್ಲಿ ಯಾವ ಅಧಿಕಾರಿಯ ಎದುರೂ ಬಾಯಿ ಬಿಡದವರು, ಸೆರಗು ಎಳೆದುಕೊಂಡು ಹೊರಗೆ ಹೋದರು. "ತಪ್ಪು ನಂದ್ರೀ. ಕೀಲಿಕೈ ನನಗ ಕೊಟ್ಟಿದ್ರು. ಹುಣಸಿಹಣ್ಣು ಹಚ್ಚಿ ನಾನೇ ತೊಳದೀನ್ರಿ" ಎಂದರು.

ಅಧಿಕಾರಿ ನಕ್ಕುಬಿಟ್ಟರು. ದುರ್ಬೀನನ್ನು ಹುಣಸೆಹಣ್ಣಿನಲ್ಲಿ ಯಾರಾದರೂ ತೊಳೆಯುತ್ತಾರೆಯೇ? ಮುದುಕಿಗೆ ಹೇಳಿಕೊಟ್ಟಿದ್ದಾನೆ ಎಂದರು. ಅತ್ತೆಯ ಮಾತಿನಲ್ಲಿ ಅರ್ಧ ಮಾತ್ರ ನಂಬಿದರು. ಕೀಲಿಕೈ ಕೊಟ್ಟದ್ದನ್ನು ನಂಬಿದರು, ತೊಳೆದದ್ದನ್ನು ನಂಬಲಿಲ್ಲ. ಕೀಲಿ ಸಾಹೇಬರನ್ನು ಅದೇ ಜೀಪಿನಲ್ಲಿ ಕರೆದುಕೊಂಡು ಹೋದರು. ನೌಕರಿಯಿಂದ ತೆಗೆದರಂತೆ ಎಂಬ ಸುದ್ದಿ ಆಮೇಲೆ ಬಂತು. ಅತ್ತೆ ಆ ದಿನ ಊಟ ಮಾಡಲಿಲ್ಲ.

ಅಸಲಿ ದುರ್ಬೀನನ್ನು ಹಟ್ಟಿಯಲ್ಲಿ ಮಾರಿದನಂತೆ ಎಂದು ಓಣಿ ಮಾತಾಡಿಕೊಂಡಿತು. ತೊಳೆದು ಒಣಹಾಕಿದ್ದನ್ನು ಕಣ್ಣಾರೆ ಕಂಡವಳಾದರೂ ನನಗೆ ಆ ಸಂಜೆಯ ಚೀಲ ಮಾತ್ರ ಗಂಟಲಲ್ಲೇ ಉಳಿದಿತ್ತು. ಅವರ ಜಾಗಕ್ಕೆ ಬಂದ ಹೊಸಬರು ನಗುಮುಖದವರು, ಸಂಜೆಯಾದರೆ ಚಹಾ ಕುಡಿದು ಮಲಗುವವರು. ತಿಂಗಳಾಗುವುದರೊಳಗೆ ಗೋಡೆಯ ಗೆರೆಗಳು ಒಂದೊಂದೇ ಖಾಲಿಯಾದವು. ಕೂಲಿಯ ಹೆಂಗಸೊಬ್ಬಳು ಅತ್ತೆಯ ಹತ್ತಿರ ಹೇಳಿದಳು. "ಓದೋ ಹುಡುಗರು ತೆಗ್ಗಿನಾಗ ಸಣ್ಣ ಸಾಮಾನು ಮರತು ಹೋಗ್ತಾರ್ರೀ ಅವ್ವಾರ. ಮೊದಲಿನವ್ರು ದಿನಾ ಸಂಜಿಗಿ ಬಂದು ಎಲ್ಲಾ ಆರಿಸಿ ಚೀಲದಾಗ ಹಾಕ್ಕೊಂಡು ಹೋಗ್ತಿದ್ರು. ಹುಡುಗರ ಹೆಸರು ಕೆಡಬಾರದಂತ ಯಾರಿಗೂ ಹೇಳ್ತಿದ್ದಿಲ್ಲ."

ಅತ್ತೆ ನನ್ನ ಕಡೆ ನೋಡಲೂ ಇಲ್ಲ.

ಮುಂದೆ ಅವರು ಎಲ್ಲಿ ಹೋದರೋ, ಯಾರಾದರೂ ನೌಕರಿ ಕೊಟ್ಟರೋ, ತಿಳಿಯಲಿಲ್ಲ. ಆ ದಿನ ಕೀಲಿಕೈ ಬಿಟ್ಟುಕೊಟ್ಟದ್ದು ಗೊತ್ತಾದೀತೆಂದು ಹೆದರಿ ಬಾಯಿ ಮುಚ್ಚಿದ್ದರೋ, ಅತ್ತೆಯ ಮರ್ಯಾದೆ ಉಳಿಸಲು ಮುಚ್ಚಿದ್ದರೋ ಎಂದು ಇವತ್ತಿಗೂ ನನ್ನ ಹಾಳು ಬುದ್ಧಿ ಕೇಳುತ್ತದೆ. ಗುಡ್ಡದಿಂದ ನಮ್ಮ ಕೊಡ ವಾಪಸು ಬಂತು. ಹಬ್ಬದ ದಿನ ಅದು ಅಲ್ಲೇ ಇದ್ದುದರಿಂದ ತಳದ ಕೆಂಪು ಬಳೆ ಹಾಗೇ ಉಳಿದಿತ್ತು. ಅತ್ತೆ ಇರುವ ತನಕ ಆ ತಳಕ್ಕೆ ಯಾರೂ ಹುಣಸೆಹಣ್ಣು ಮುಟ್ಟಿಸುವಂತಿರಲಿಲ್ಲ. ಅವರು ಹೋದ ಮೇಲೆ ನಾನೂ ಮುಟ್ಟಿಸಲಿಲ್ಲ, ಬಣ್ಣ ಮಾಸಿ ಬರೀ ನೆರಳಿನಷ್ಟು ಉಳಿದಾಗಲೂ...

ಮೊನ್ನೆ ನಾನು ಹಿತ್ತಲಿಗೆ ಹೋಗುವಷ್ಟರಲ್ಲಿ ಸೊಸೆ ಆ ಕೊಡವನ್ನು ಬೋರಲು ಹಾಕಿ ನೀರು ಸುರಿಯುತ್ತಿದ್ದಳು. ಬೆವರು ಒರೆಸಿಕೊಂಡು, "ತಳದಾಗ ಏನೋ ಕೆಂಪಂದು ಹತ್ತಿತ್ರೀ ಅತ್ತಿ. ಎಷ್ಟು ತಿಕ್ಕಿದ್ರೂ ಬಿಡವಲ್ದಾಗಿತ್ತು. ಈಗ ನೋಡ್ರಿ" ಎಂದಳು.

ತಳ ಬಿಸಿಲಿಗೆ ಫಳಫಳ ಎನ್ನುತ್ತಿತ್ತು. ಬಾಗಿ ನೋಡಿದೆ, ಕೈಯಾಡಿಸಿ ನೋಡಿದೆ. ಏನೂ ಇರಲಿಲ್ಲ. ಸೊಸೆ ಕೈಯಲ್ಲಿ ನಾರು ಹಿಡಿದು ನನ್ನ ಮುಖವನ್ನೇ ನೋಡುತ್ತ ಕಾದಿದ್ದಳು.

"ಛಲೋ ಹೊಳ್ಯಾಕತ್ತೈತಿ ಬಿಡವ್ವ" ಎಂದೆ.