ಶನಿವಾರದ ಡಾಕ್ಟರು

ಆ ಸೋಮವಾರ ಬಂಗಾರಪೇಟೆಯಲ್ಲಿ ರೈಲು ಹತ್ತಿದಾಗಿನಿಂದ ನನ್ನ ಕೈ ಮೊಬೈಲನ್ನು ಬಿಟ್ಟಿರಲಿಲ್ಲ. ಶಾಲೆಗೆಂದು ಉರಿಗಾಂನಲ್ಲಿ ಇಳಿಯುವಾಗ ಊಟದ ಡಬ್ಬಿಯನ್ನು ಸೀಟಿನ ಮೇಲೇ ಮರೆತೆ. ನನ್ನ ಹತ್ತನೇ ತರಗತಿಯ ಹುಡುಗಿಯೊಬ್ಬಳು ಅಂದು ತನ್ನ ಅಜ್ಜಿಯನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿನ ಡಾಕ್ಟರಿಗೆ ಕನ್ನಡವೂ ಬಾರದು, ತೆಲುಗೂ ಬಾರದು. ಅಜ್ಜಿಯ ಹೊಟ್ಟೆನೋವಿನ ಕಥೆಯನ್ನೆಲ್ಲ ಇವಳೇ ಇಂಗ್ಲಿಷಿನಲ್ಲಿ ಹೇಳಬೇಕಿತ್ತು. ಅವಳಿಗೆ ಇಂಗ್ಲಿಷ್ ಕಲಿಸಿದವಳು ನಾನು.

ಕಲಿಸಿದ್ದಾದರೂ ಹೇಗೆ? ಶನಿವಾರದ ಆಟದಲ್ಲಿ. ಗೈಡಿನ ಪ್ರಬಂಧ ಉರುಹೊಡೆದು, ಊರಲ್ಲಿ ಇಲ್ಲದ ನದಿಯನ್ನು ವರ್ಣಿಸುವ ಮಕ್ಕಳನ್ನು ನೋಡಿ ನೋಡಿ ನನಗೆ ತಲೆ ಕೆಟ್ಟಿತ್ತು. ಹಾಗಾಗಿ ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ನನ್ನ ಕುರ್ಚಿಯನ್ನು ಅವರಿಗೆ ಬಿಟ್ಟುಕೊಡುತ್ತಿದ್ದೆ. ಅದರಲ್ಲಿ ಕೂತವರು ಬ್ಯಾಂಕ್ ಆಫೀಸರು, ಪೊಲೀಸು, ಡಾಕ್ಟರು, ಯಾರು ಬೇಕಾದರೂ ಆಗಬಹುದು. ಎದುರು ನಿಂತವರು ಇಂಗ್ಲಿಷಿನಲ್ಲೇ ಕೆಲಸ ಮಾಡಿಸಿಕೊಳ್ಳಬೇಕು. ಮಾತು ಸಿಕ್ಕದಿದ್ದರೆ ಕೈಕಾಲು ಆಡಿಸಿ ತೋರಿಸಬಹುದು. ಚಿನ್ನದ ಗಣಿಯ ಲೈನ್ ಮನೆಗಳ ತಮಿಳು ಮಕ್ಕಳು, ಕ್ಯಾಸಂಬಳ್ಳಿ ಕಡೆಯ ಕನ್ನಡ, ತೆಲುಗು ಮಕ್ಕಳು ಎಲ್ಲರೂ ಸೇರಿ ಕೈ ಬೀಸುತ್ತ ಗದ್ದಲ ಎಬ್ಬಿಸುತ್ತಿದ್ದರು. "ಏನ್ ಮೇಡಂ, ನಾಟಕದ ಕಂಪ್ನಿ ಇಟ್ಬಿಟ್ರಾ?" ಎಂದು ಹೆಡ್‌ಮಾಸ್ಟರು ಕಿಟಕಿಯಲ್ಲಿ ಇಣುಕುತ್ತಿದ್ದರು. ನಾಳೆ ಊರಲ್ಲಿ ನಾಲ್ಕು ಜನಕ್ಕೆ ಉಪಯೋಗಕ್ಕೆ ಬರುವ ಕಲಿಕೆ ಇದು ಸಾರ್ ಎಂದು ನಾನು ಜಂಬ ಕೊಚ್ಚುತ್ತಿದ್ದೆ.

ಈ ಹುಡುಗಿಗೆ ಯಾವಾಗಲೂ ಅಜ್ಜಿಯ ಪಾತ್ರವೇ ಬೇಕು. ಸೊಂಟಕ್ಕೆ ಕೈಕೊಟ್ಟು, ತನ್ನ ಅಜ್ಜಿಯ ಹಾಗೆ ಮನೆಯ ಹಸುವನ್ನು ಬೈಯುತ್ತಲೇ ಬಂದು, ಡಾಕ್ಟರ ಮುಂದೆ ಇಂಗ್ಲಿಷಿನಲ್ಲಿ ನರಳುತ್ತಿದ್ದಳು. ಇಡೀ ತರಗತಿ ಬಿದ್ದು ಬಿದ್ದು ನಗುತ್ತಿತ್ತು. ಕೊನೆಗೆ ಡಾಕ್ಟರಾದವರು ಗಂಟಲು ದಪ್ಪ ಮಾಡಿ "ನಥಿಂಗ್ ಟು ವರಿ, ಟೇಕ್ ರೆಸ್ಟ್" ಅಂದರೆ ಆಟ ಮುಗಿಯಿತು.

ಹಿಂದಿನ ಶನಿವಾರ ಅವಳೇ ಬಂದು ಹೇಳಿದ್ದಳು. "ಮಿಸ್, ಆಸ್ಪತ್ರೆಗೆ ಅಪ್ಪಾನೂ ಬತ್ತಾನೆ. ಆದ್ರೆ ದೊಡ್ಡೋರ ಮುಂದೆ ಅವ್ನಿಗೆ ಬಾಯೇ ಬರಲ್ಲ. ನಾನೇ ಮಾತಾಡ್ಬೇಕು."

"ನಾನೂ ಬರ್ಲೇನೇ?"

"ಬ್ಯಾಡ ಮಿಸ್. ನೀವಿದ್ರೆ ತಪ್ಪಾಯ್ತದೇನೋ ಅಂತ ಭಯ. ಮುಗಿದ್ಮೇಲೆ ಫೋನ್ ಮಾಡ್ತೀನಿ."

ಆ ಭಯ ಪೂರ್ತಿ ನನಗೆ ಹತ್ತಿಕೊಂಡಿತು. ಎಡಕ್ಕೆ ಬಲ ಅಂದುಬಿಟ್ಟರೆ? ತಿಂಗಳಿನಿಂದ ನೋವು ಅನ್ನುವ ಬದಲು ವಾರದಿಂದ ಅಂದರೆ? ಡಾಕ್ಟರು ಗದರಿದರೆ? ಅವಳ ಒಂದು ತಪ್ಪು ಮಾತಿಗೆ ಅಜ್ಜಿಗೆ ಇನ್ನೇನೋ ಮಾತ್ರೆ ಕೊಟ್ಟು ಕಳಿಸಿದರೆ? ಎಂಟನೇ ತರಗತಿಗೆ ಪಾಠ ಮಾಡುತ್ತ ಒಂದೇ ವಾಕ್ಯವನ್ನು ಬೋರ್ಡಿನ ಮೇಲೆ ಎರಡು ಸಲ ಬರೆದೆ. ಮಕ್ಕಳು ಕಿಸಕ್ಕನೆ ನಕ್ಕಾಗ ಸುಮ್ಮಸುಮ್ಮನೆ ರೇಗಿದೆ.

ಬಿಸಿಯೂಟದ ಗಂಟೆ ಹೊಡೆಯುವಾಗ ಫೋನ್ ಬಂತು. ವರಾಂಡಕ್ಕೆ ಓಡಿದೆ.

"ಎಲ್ಲಾ ಏಳ್ದೆ ಮಿಸ್. ಡಾಕ್ಟ್ರು ಗುಡ್ ಗರ್ಲ್ ಅಂದ್ರು."

ಹೋದ ಜೀವ ಬಂದಂತಾಯಿತು. ಶಭಾಷ್ ಅನ್ನುವಷ್ಟರಲ್ಲಿ ಅವಳ ದನಿ ಸಣ್ಣದಾಯಿತು.

"ಸ್ಕ್ಯಾನ್ ನೋಡಿ ಅವ್ರು ಏಳಿದ್ದೂ ನಂಗೆ ಅರ್ಥ ಆಯ್ತು ಮಿಸ್. ಗಡ್ಡೆ ಐತಂತೆ, ಎಲ್ಲಾ ಕಡೆ ಅರಡ್ಕೊಂಡೈತಂತೆ. ಆಪರೇಷನ್ ಮಾಡಿದ್ರೂ ಯೂಸ್ ಇಲ್ಲ, ಮನೆಗೆ ಕರ್ಕೊಂಡೋಗಿ ಅಂದ್ರು. ಅಪ್ಪಂಗೆ ಒಂದೂ ತಿಳೀಲಿಲ್ಲ. ಅಜ್ಜಿ ಜತೆ ಬೆಂಚಿನಾಗೆ ಕುಂತು, ಅಲ್ಲಿಂದ್ಲೇ ನನ್ನ ಮಕಾನೇ ನೋಡ್ತಾ ಅವ್ನೆ. ಏನಂತ ಏಳ್ಲಿ?"

ಇಂಥ ಸುದ್ದಿಯನ್ನು ಹತ್ತನೇ ತರಗತಿಯ ಮಗುವಿನ ಕೈಲಿ ಕೊಟ್ಟು ಕಳಿಸುತ್ತಾರಾ ಎಂದು ಆ ಡಾಕ್ಟರ ಮೇಲೆ ಸಿಟ್ಟು ಬಂತು. ಅವಳು ತಪ್ಪು ಹೇಳಿಬಿಟ್ಟಾಳೆಂದು ಬೆಳಗಿನಿಂದ ಹೆದರಿದ್ದೆ. ಎಲ್ಲ ಸರಿಯಾಗಿ ಅರ್ಥವಾಗಿಬಿಟ್ಟರೆ ಏನು ಗತಿ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ನಮ್ಮ ಕುರ್ಚಿಯಲ್ಲಿ ಕೂತ ಯಾವ ಡಾಕ್ಟರೂ ಇಂಥ ಮಾತು ಆಡಿರಲಿಲ್ಲ.

"ನೀನೇನೂ ಹೇಳ್ಬೇಡ ಮಗಾ. ಅಪ್ಪನಿಗೆ ಫೋನ್ ಕೊಡು," ಎಂದೆ.

"ಏಳಿ ಮೇಡಂ, ಏನಂತೆ?" ಎಂದರು ಅವಳ ಅಪ್ಪ.

ಕನ್ನಡ ನನ್ನ ಮನೆಮಾತು. ಆದರೂ ಬಾಯಿಂದ ಒಂದು ಮಾತು ಹೊರಡಲಿಲ್ಲ. ಮಕ್ಕಳೆಲ್ಲ ಊಟಕ್ಕೆ ಹೋಗಿ ಖಾಲಿಯಾದ ವರಾಂಡದಲ್ಲಿ ನನ್ನ ಕೈ ಗಾಳಿಯಲ್ಲಿ ಸುಮ್ಮನೆ ಆಡುತ್ತಿತ್ತು.

ಆ ಕಡೆಯಿಂದ ಅಜ್ಜಿಯ ದನಿ ಕೇಳಿಸಿತು. "ಅಷ್ಟೊತ್ತು ಇಂಗ್ಲಿಷ್ನಾಗೆ ಮಾತಾಡ್ದಲ್ಲೇ, ಡಾಕ್ಟ್ರು ಏನಂದ್ರು, ನಂಗೂ ವಸಿ ಏಳೇ."

ನನ್ನ ಹುಡುಗಿ ಗಂಟಲು ದಪ್ಪ ಮಾಡಿಕೊಂಡು, ಶನಿವಾರದ ಡಾಕ್ಟರ ಹಾಗೆಯೇ ಹೇಳಿದಳು. "ನಥಿಂಗ್ ಟು ವರಿ. ಟೇಕ್ ರೆಸ್ಟ್."

ಅಜ್ಜಿ ನಕ್ಕಿದ್ದು ಕೇಳಿಸಿತು.

"ಮೇಡಂ, ಏಳಿ," ಎಂದರು ಅವಳ ಅಪ್ಪ.