ತುಪಾಕಿಗೆ ಉಡುದಾರ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ತಾಲ್ಲೂಕುಗಳಲ್ಲಿ ತುಪಾಕಿಯ ಮರ್ಮವನ್ನು ನನಗಿಂತ ಚೆನ್ನಾಗಿ ಬಲ್ಲವನು ಇನ್ನೂ ತೊಟ್ಟಿಲಿಗೆ ಬಿದ್ದಿಲ್ಲ. ನಾನು ಮಾಲೂರು ರೈಲ್ವೆ ಸ್ಟೇಷನ್ನಿನಲ್ಲಿ ನಿಂತು ಸೀನಿದರೆ ಆವನಿ ಬೆಟ್ಟದ ಕಾಡುಹಂದಿಗಳು ಗಡಿ ದಾಟಿ ಓಡಿ, ಆಂಧ್ರದಲ್ಲಿ ರೇಷನ್ ಕಾರ್ಡು ಮಾಡಿಸಿಕೊಳ್ಳುತ್ತವೆ. ಒಂದೇ ಕೊರತೆಯೆಂದರೆ, ನನ್ನ ಹತ್ತಿರ ತುಪಾಕಿ ಇಲ್ಲ. ಅದು ಇರುವುದು ನನ್ನ ತಂಗಿ ಮುನಿಲಕ್ಷ್ಮಿಯ ಗಂಡ, ವಕ್ಕಲೇರಿ ಕಡೆಯ ಚನ್ನರಾಯಪ್ಪನ ಹತ್ತಿರ.

ಚನ್ನರಾಯಪ್ಪನಿಗೆ ಈಗ ಅರವತ್ತೆರಡು. ಎರಡು ಸೀಮೆಹಸು, ಅರ್ಧ ಎಕರೆ ಹಿಪ್ಪುನೇರಳೆ, ಒಂದು ಎಕರೆ ಆಲೂಗಡ್ಡೆ. ಮಾತು ಮಾತ್ರ ಅರ್ಧ ಗುಂಟೆಯೂ ಇಲ್ಲ. ತುಪಾಕಿ ಅವರಪ್ಪನ ಕಾಲದ್ದು, ಜೋಡಿ ನಳಿಗೆಯದು, ಬೆಳೆ ಕಾಯಲು ಲೈಸೆನ್ಸ್ ಪಡೆದದ್ದು. ಇಷ್ಟು ವರ್ಷಗಳಲ್ಲಿ ಅದರಿಂದ ಒಂದು ಇರುವೆಯೂ ಸತ್ತಿಲ್ಲ. ಇವನು ಆಕಾಶಕ್ಕೆ ಹಾರಿಸುತ್ತಾನೆ, ಹಂದಿ ಓಡುತ್ತದೆ, ಅಲ್ಲಿಗೆ ಮುಗಿಯಿತು. ಎಲೆಕ್ಷನ್ ಬಂದಾಗಲೆಲ್ಲ ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕು. ಒಪ್ಪಿಸಿ ಬಂದ ದಿನ ಮಗಳನ್ನು ಗಂಡನ ಮನೆಗೆ ಕಳಿಸಿದವನ ಹಾಗೆ ಊಟ ಬಿಟ್ಟು ಕೂರುತ್ತಾನೆ. ವಾಪಸು ತಂದ ಮೇಲೆ ಮೂರು ದಿನ ಹಳೇ ಬಟ್ಟೆಯ ತುಂಡು, ಮಿಷನ್ ಎಣ್ಣೆ ಹಿಡಿದು ಅದನ್ನೇ ಉಜ್ಜುತ್ತಾನೆ.

“ಒಂದಿನ ನನ್ ಮಂಡಿಗೆ ಎಣ್ಣೆ ಹಚ್ಚಿದೋರಲ್ಲ ಅಣ್ಣ, ಆ ಕಬ್ಬಿಣಕ್ಕೆ ಅಭ್ಯಂಜನ ನೋಡು!” ಎಂದು ನನ್ನ ತಂಗಿ ಪ್ರತಿ ಎಲೆಕ್ಷನ್ನಿಗೂ ದೂರುತ್ತಾಳೆ.

ಇವನದೊಂದು ಅಭ್ಯಾಸವಿದೆ. ತೋಟಾ ತುಂಬುವ ಮೊದಲು ತುಪಾಕಿಯನ್ನು ನಡುವೆ ಮಡಿಸಿ, ನಳಿಗೆಗಳ ಹಿಂಬದಿಗೆ ಕಣ್ಣಿಟ್ಟು, ಬೆಳಕಿಗೆ ಹಿಡಿದು ನೋಡುತ್ತಾನೆ. ಅದಕ್ಕೆ ‘ಆಕಾಶ ನೋಡೋದು’ ಎಂದು ಹೆಸರು. ಎರಡು ದುಂಡನೆಯ ಆಕಾಶ ಕಾಣಬೇಕು. ಕಾಣದಿದ್ದರೆ ತೋಟಾ ಜೇಬಿನಲ್ಲೇ. “ಹೆಣ್ಣು ನೋಡೋಕೂ ಇಷ್ಟು ಹೊತ್ತು ತಗೊಂಡಿರಲಿಲ್ಲವಲ್ಲಯ್ಯ ನೀನು” ಎಂದು ನಾನು ನಗುತ್ತಿದ್ದೆ.

ಹೋದ ಜನವರಿಯಲ್ಲಿ ನಾನು ಅವರ ಮನೆಗೆ ಹೋದಾಗ ಆಲೂಗಡ್ಡೆ ಕೀಳಲು ಇನ್ನು ಎರಡೇ ದಿನ ಉಳಿದಿತ್ತು. ಆದರೆ ಹಂದಿಗಳು ಆಗಲೇ ಕಾಲು ಎಕರೆ ಅಗೆದು ಮುಗಿಸಿದ್ದವು. ಹಾಗೇ ಬಿಟ್ಟರೆ ಕೀಳುವುದಕ್ಕೆ ಕೂಲಿಯವರೇ ಬೇಕಾಗುತ್ತಿರಲಿಲ್ಲ. ಆ ಬೆಳೆಯನ್ನೇ ನಂಬಿದ್ದ ಚನ್ನರಾಯಪ್ಪ ಬೆಳಿಗ್ಗೆ ಆರೂವರೆಗೆ ತುಪಾಕಿ ತಗೊಂಡು ಹೊರಟ. ಇಂಥ ಕಾರ್ಯಕ್ಕೆ ನನ್ನಂಥವನು ಇಲ್ಲದಿದ್ದರೆ ಹೇಗೆ? ನಾನೂ ಹೊರಟೆ.

ದಾರಿಯಲ್ಲಿ ನೀರು ಹರಿಯುವ ಕಾಲುವೆಯೊಂದಿದೆ. ಅವನು ಮೊದಲು ದಾಟಿ ನಿಂತು, ತಿರುಗಿ ನನಗೆ ಕೈ ಚಾಚಿದ. ದಾಟುವ ಮೊದಲು ತುಪಾಕಿಯನ್ನು ನನ್ನ ಕೈಗೆ ಕೊಟ್ಟಿದ್ದ.

“ತೋಟಾ ಇಲ್ಲ ಭಾವ. ಮೂತಿ ಮೇಲಕ್ಕಿರಲಿ. ಮೊದ್ಲು ಅದನ್ನ ಕೊಡಿ, ಆಮೇಲೆ ನೀವು ಬನ್ನಿ.”

ಕೊಟ್ಟು ಬರುವುದೆಲ್ಲ ಹೆದರುವವರ ಕೆಲಸ. ನಾನು ತುಪಾಕಿಯ ಸಮೇತ ಹಾರಿದೆ. ನನ್ನ ಲೆಕ್ಕದಲ್ಲಿ ಹನ್ನೊಂದು ಅಡಿ ಹಾರಿದ್ದೆ. ಕಾಲುವೆ ಇದ್ದದ್ದು ಮೂರಡಿ, ನಾನು ಬಿದ್ದದ್ದು ಎರಡನೆಯ ಅಡಿಯಲ್ಲಿ. ಬೀಳುವಾಗ ಮನುಷ್ಯ ಕೈಯಲ್ಲಿದ್ದದ್ದನ್ನೇ ಊರುತ್ತಾನೆ. ನಾನೂ ಊರಿದೆ. ಎದ್ದವನೇ ಅವನು ನೋಡುವ ಮೊದಲು ಮೂತಿಯನ್ನು ನನ್ನ ಪಂಚೆಗೆ ಒರೆಸಿ ಫಳಫಳ ಮಾಡಿದೆ.

“ಏನಾರ ಆಯ್ತಾ ಭಾವ?”

“ನನ್ನ ಕೈಲಿದ್ದಮೇಲೆ ಅದಕ್ಕೇನಯ್ಯ ಆಗುತ್ತೆ?”

ಹೊಲದ ಆ ಮೂಲೆಯಲ್ಲಿ, ನೀಲಗಿರಿ ತೋಪಿನ ಪಕ್ಕ, ಏಳು ಹಂದಿಗಳು ಮದುವೆ ಪಂಕ್ತಿಗೆ ಕೂತಂತೆ ಸಾಲಾಗಿ ಗಡ್ಡೆ ಮೇಯುತ್ತಿದ್ದವು. ಒಂದೊಂದೂ ಸುಮಾರು ಮಾರುತಿ ವ್ಯಾನಿನಷ್ಟು.

“ಹೊಡಿಯಯ್ಯ, ಹೊಡಿ!” ಎಂದೆ.

ಚನ್ನರಾಯಪ್ಪ ತುಪಾಕಿ ಮಡಿಸಿ ಕಣ್ಣಿಟ್ಟ. ಎಡ ನೋಡಿದ. ಬಲ ನೋಡಿದ. ನನ್ನ ಕಡೆ ತಿರುಗಿದ.

“ಭಾವ, ಬಲಗಡೆ ಆಕಾಶ ಎಲ್ಲೋಯ್ತು?”

ನಾನು ಮೇಲೆ ನೋಡಿದೆ. ಅವನು ನನ್ನ ಮಂಡಿಯ ಮೇಲಿನ ಕೆಸರು ನೋಡಿದ.

“ಸ್ವಲ್ಪ ಮಣ್ಣು ತಾನೆ? ಒಂದು ಗುಂಡು ಹಾರಿಸು, ಅದೇ ತಳ್ಕೊಂಡು ಹೋಗುತ್ತೆ. ಇದಕ್ಕಿಂತ ಬೇಗ ತೊಳೆಯೋ ದಾರಿ ಯಾವುದಿದೆ?”

“ಮಣ್ಣು ಹೋಗಲ್ಲ ಭಾವ. ನಳಿಗೆ ಬಾಳೆಹಣ್ಣಿನ ಸಿಪ್ಪೆ ಸುಲ್ದಂಗೆ ಸೀಳ್ಕೊಂಡು ಬರ್ತದೆ, ನನ್ ಮುಖಕ್ಕೆ.”

ತೊಳೆಯುವ ಸರಳು ಮನೆಯಲ್ಲಿತ್ತು. ತರಲು ಹೋಗಿದ್ದರೆ, ಬರುವಷ್ಟರಲ್ಲಿ ಹಂದಿಗಳು ಊಟ ಮುಗಿಸಿ ಎಲೆಅಡಿಕೆ ಕೇಳುತ್ತಿದ್ದವು. ಅವನು ಪಕ್ಕದ ಹಿಪ್ಪುನೇರಳೆಯಿಂದ ನೆಟ್ಟಗಿರುವ ಹಸಿ ಕಡ್ಡಿಯೊಂದನ್ನು ಮುರಿದು ಎಲೆ ಸವರಿದ. ಒಣಗಿದ್ದಾದರೆ ಒಳಗೇ ಮುರಿಯುತ್ತದಂತೆ. ಹಿಂದಿನಿಂದ ಹಾಕಿ ಮೂತಿಯ ಕಡೆಗೆ ನೂಕಿದ; ಕೆಸರಿನ ಬಿರಡೆ ಕಳಚಿ ಬಿತ್ತು. ಕುಡಿಯುವ ನೀರನ್ನೇ ಬಾಟಲಿಯಿಂದ ಹೊಯ್ದ. ಒಳಗೆ ಇನ್ನೂ ಮರಳಿನ ಹರಳುಗಳು ಮಿಣಮಿಣ ಅನ್ನುತ್ತಿದ್ದವು. ಬಟ್ಟೆ ಕಟ್ಟಿ ಎಳೆಯಬೇಕು, ಅದಕ್ಕೊಂದು ದಾರ ಬೇಕು.

“ಭಾವ, ನಿಮ್ ಉಡುದಾರ ಕೊಡ್ತೀರಾ?”

ನಾನು ಎರಡು ಕೈಯಲ್ಲೂ ಸೊಂಟ ಹಿಡಿದುಕೊಂಡೆ. ನಮ್ಮ ಕಡೆ ಗಂಡಸು ಹೊಸ ಉಡುದಾರ ಕಟ್ಟಿಕೊಂಡ ಮೇಲೇ ಹಳೆಯದನ್ನು ಬಿಚ್ಚುವುದು. ಹೊಸದಿಲ್ಲದೆ ಹಳೆಯದನ್ನು ಕಿತ್ತುಹಾಕುವುದು ಹೆಂಡತಿ ಸತ್ತಾಗ ಮಾತ್ರ. ಮಾಲೂರಿನಲ್ಲಿರುವ ನನ್ನವಳಿಗೆ ವಿಷಯ ಗೊತ್ತಾದರೆ ಅವಳೇನೂ ಸಾಯುವುದಿಲ್ಲ, ನನ್ನನ್ನು ಉಳಿಸುವುದಿಲ್ಲ.

ಚನ್ನರಾಯಪ್ಪ ಒಂದು ಗಳಿಗೆ ಹಂದಿಗಳನ್ನು ನೋಡಿದ. ಆಮೇಲೆ ತನ್ನದನ್ನೇ ಬಿಚ್ಚಿದ. ಅದರಲ್ಲೊಂದು ಪುಟ್ಟ ತಾಮ್ರದ ತಾಯಿತ ಇತ್ತು. ಅದೇ ಭಾರವಾಗಿ ದಾರವನ್ನು ನಳಿಗೆಯೊಳಕ್ಕೆ ಸರಸರನೆ ಇಳಿಸಿತು. ಇನ್ನೊಂದು ತುದಿಗೆ ಹೆಗಲ ಟವಲಿನ ಚೂರು ಕಟ್ಟಿ ಮೂತಿಯಿಂದ ಎಳೆದ. ಒಂದು ಸಲ ಒದ್ದೆ ಚೂರು, ಎರಡು ಸಲ ಒಣ ಚೂರು. ಎರಡು ನಿಮಿಷವೂ ಆಗಲಿಲ್ಲ. ಬೆಳಕಿಗೆ ಹಿಡಿದ.

“ಬಂತು ಭಾವ. ಎರಡೂ ಬಂತು.”

ನನಗೂ ತೋರಿಸಿದ. ನಾಣ್ಯದಗಲದ ಎರಡು ನೀಲಿ ಆಕಾಶ. ಅಷ್ಟು ಚಂದದ ಆಕಾಶವನ್ನು ನಾನು ತಲೆಯ ಮೇಲೂ ಕಂಡಿಲ್ಲ. ನನ್ನ ಮಾತು ಕೇಳಿದ್ದರೆ ಅವನ ಮುಖ ಏನಾಗುತ್ತಿತ್ತೆಂದು ಆಗ ಹೊಳೆದು, ಬದುವಿನ ಮೇಲೆ ಕೂತುಬಿಟ್ಟೆ.

ಅವನ ಪಂಚೆಯೋ, ಉಡುದಾರದ ಆಧಾರವಿಲ್ಲದೆ ಜಾರುತ್ತಿತ್ತು. ತುಪಾಕಿಗೆ ಎರಡೂ ಕೈ ಬೇಕು.

“ಎದ್ದು ಪಂಚೆ ಹಿಡ್ಕೊಳ್ಳಿ ಭಾವ.”

ನಾಲ್ಕು ತಾಲ್ಲೂಕಿನ ತುಪಾಕಿ ಪಂಡಿತ ತಂಗಿಯ ಗಂಡನ ಪಂಚೆ ಹಿಡಿದು ಹಿಂದೆ ನಿಂತ. ಢಮಾರ್! ಹಂದಿಗಳು ತೋಪು ಸೀಳಿಕೊಂಡು ಹೋದದ್ದು ಇನ್ನೂ ನಿಂತಿಲ್ಲ ಎಂದು ಕೇಳಿದ್ದೇನೆ. ಮುಕ್ಕಾಲು ಎಕರೆ ಗಡ್ಡೆ ಉಳಿಯಿತು. ಇಬ್ಬರೂ ಕಾರಣವಿಲ್ಲದೆ ನಗತೊಡಗಿದೆವು.

ಆಗ ಕಾಫಿ ಫ್ಲಾಸ್ಕು ಹಿಡಿದು ಮುನಿಲಕ್ಷ್ಮಿ ಬಂದಳು. ಹಿಪ್ಪುನೇರಳೆ ಗಿಡದ ಮೇಲೆ ಒಣಗಲು ಹಾಕಿದ್ದ ಉಡುದಾರ ಕಂಡಿತು. ಗಂಡನ ಸೊಂಟ ನೋಡಿದಳು. ಅವಳು ಕೂಗಿದ ಕೂಗಿಗೆ ತುಪಾಕಿ ದಂಡ.

“ಅಯ್ಯೋ ನಿಮ್ ಮನೆ ಕಾಯ್ವಾಗ! ನಾನೇನ್ ಸತ್ತೋದ್ನಾ? ಗುಂಡ್‌ಕಲ್ಲಂಗೆ ನಿಂತಿದೀನಿ, ಉಡುದಾರ ಬಿಚ್ಚಿ ಆ ಕಬ್ಬಿಣಕ್ಕೆ ಕಟ್ಟಿದೀರಲ್ರೀ! ಅಣ್ಣ, ನೀನಾದ್ರೂ ಬುದ್ಧಿ ಹೇಳಬಾರ್ದಿತ್ತಾ?”

ಚನ್ನರಾಯಪ್ಪ ತಾಯಿತ ಒರೆಸಿ, ಉಡುದಾರವನ್ನು ಸೊಂಟಕ್ಕೆ ಸುತ್ತಿ, ನಿಧಾನವಾಗಿ ಗಂಟು ಹಾಕಿದ.

“ನಿನ್ ತಾಳಿ ಉಳೀಲಿ ಅಂತಾನೇ ನನ್ ಉಡುದಾರ ಬಿಚ್ಚಿದ್ದು ಕಣೇ. ನಿಮ್ಮಣ್ಣ ಹೇಳಿದ ಬುದ್ಧಿ ಕೇಳಿದ್ದಿದ್ರೆ, ಇಷ್ಟೊತ್ತಿಗೆ ನೀನು ಅದನ್ನ ಬಿಚ್ತಾ ಇರ್ತಿದ್ದೆ.”