ಚಕ್ರದಣ್ಣನ ಬಾಡಿಗೆ ಲೈನು

ಆ ಮನುಷ್ಯನ ಸುದ್ದಿಯನ್ನು ಅತ್ತಿಗೆ ಮೊದಲು ಕೇಳಿದ್ದು ಮೈದುನನ ಬಾಯಿಂದ, ಆಸ್ಪತ್ರೆಯ ದಿಂಬಿನ ಕವರುಗಳಿಗೆ ಅಂಚು ಹೊಲಿಯುತ್ತಿದ್ದಾಗ. ಗಂಡ ತೀರಿಕೊಂಡ ಮೇಲೆ ಅದೇ ಆಕೆಯ ಕೆಲಸ. ಮೈದುನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಲೈನ್‌ಮನ್.

"ಅತ್ತಿಗೇ, ಪಕ್ಕದ ಕೋಣೆ ಖಾಲಿ ಇದೆಯಲ್ಲಾ, ಆಸ್ಪತ್ರೆ ಕಂಪ್ಯೂಟರಿಗೆ ಲೈನ್ ಕೊಡೋಕೆ ಒಬ್ಬ ಬಂದಿದ್ದಾನೆ, ಹದಿನೈದು ದಿನ ಇಟ್ಕೋತೀರಾ? ಒಳ್ಳೇ ಕೆಲಸಗಾರ. ಆದ್ರೆ ಕೂತಲ್ಲಿ ಕೂರಲ್ಲ, ನಿಂತಲ್ಲಿ ನಿಲ್ಲಲ್ಲ. ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದ್ದಾನೆ."

ಕೋಣೆಗೆ ಬಂದ ದಿನದಿಂದಲೇ ಅವನು ಅತ್ತಿಗೆಯ ಬಾಯಲ್ಲಿ ಚಕ್ರದಣ್ಣನಾದ. ತಟ್ಟೆಗೆ ಬಡಿಸುವಷ್ಟರಲ್ಲಿ ಎರಡು ಸಲ ಬಾಗಿಲಿಗೆ ಹೋಗಿ ಬರುವನು.

ಇಲ್ಲಿ ತೆಗೆದ ಎಕ್ಸ್‌ರೇ ಚಿತ್ರ ದೊಡ್ಡ ಊರಿನ ಡಾಕ್ಟರಿಗೆ ಆ ಕ್ಷಣವೇ ಕಾಣಬೇಕು. ಅದಕ್ಕೆಂದೇ ಹಗಲಿರುಳೂ ಆಸ್ಪತ್ರೆಗೇ ಮೀಸಲಾಗಿ ಎಕ್ಸ್‌ಚೇಂಜ್ ಕೊಟ್ಟ ಒಂದು ಬಾಡಿಗೆ ಲೈನು.

"ಬೇರೆಯೋರು ಲೈನಿಗೂ ಕಂಪ್ಯೂಟರಿಗೂ ನಡುವೆ ಒಂದು ಪೆಟ್ಟಿಗೆ ಇಡ್ತಾರೆ ಅತ್ತಿಗೇ," ಎಂದ ಚಕ್ರದಣ್ಣ. " ನಾನು ಕಂಪ್ಯೂಟರ್ ಹೊಟ್ಟೆಯೊಳಗೇ ಒಂದು ಕಾರ್ಡ್ ಕೂರಿಸಿ, ಲೈನನ್ನ ನೇರ ಅದಕ್ಕೇ ಕೊಡ್ತೀನಿ."

"ದಲ್ಲಾಳಿ ಬೇಡ ಅನ್ನು."

"ಅಷ್ಟೇ ನೋಡಿ!"

ಕಾರ್ಡು ಕೂತಿತು, ಹಸಿರು ದೀಪವೂ ಹತ್ತಿತು. ಚಿತ್ರ ಮಾತ್ರ ಆಚೆ ತಲುಪಲೇ ಇಲ್ಲ. ಹತ್ತು ದಿನ ಇದೇ ಗೋಳು. ನನ್ನ ಕಡೆ ಹಸಿರಿದೆ, ಕೆಟ್ಟಿರುವುದು ಎಕ್ಸ್‌ಚೇಂಜಿನ ಲೈನು ಎಂದು ಇವನು. ಲೈನು ಆಸ್ಪತ್ರೆಯ ಗೋಡೆಯ ಡಬ್ಬಿಯ ತನಕ ಸರಿಯಿದೆ, ಮುಂದಿನದು ನೋಡಿಕೋ ಎಂದು ಮೈದುನ. ಕೊನೆಗೆ ಚಕ್ರದಣ್ಣ ಹತ್ತು ಜನರೆದುರು ಮೈದುನನ ಮೇಲೆ ಬಾಯಿ ಹರಿಬಿಟ್ಟ: "ಕಂಬ ಹತ್ತೋಕೆ ಬಂದ್ರೆ ಸಾಕಾ? ತಲೆ ಬೇಡ್ವಾ?"

ಆಸ್ಪತ್ರೆಯ ಮ್ಯಾನೇಜರ್ ಎಕ್ಸ್‌ಚೇಂಜಿಗೆ ದೂರು ಬರೆದ. ಇಪ್ಪತ್ತೆರಡು ವರ್ಷ ಯಾರಿಂದಲೂ ಒಂದು ಮಾತು ಅನ್ನಿಸಿಕೊಳ್ಳದೆ ದುಡಿದ ಮೈದುನನಿಗೆ ವಿಚಾರಣೆಯ ಕಾಗದ ಬಂತು. ಕೆಲಸ ಉಳಿಯುವುದೇ ಅನುಮಾನ. ಒಬ್ಬ ಮನೆಯವನು, ಇನ್ನೊಬ್ಬ ಮನೆಯಲ್ಲಿರುವವನು. ಅತ್ತಿಗೆ ಯಾರ ಪರ ನಿಂತಾಳು?

ವಿಚಾರಣೆಯ ಹಿಂದಿನ ದಿನ ಆಕೆ ಕವರುಗಳನ್ನು ಕೊಡಲು ಹೋದಾಗ, ಮೆಟ್ಟಿಲ ಕೆಳಗಿನ ಗೋಡೆಯ ಡಬ್ಬಿ ತೆರೆದುಕೊಂಡು ಚಕ್ರದಣ್ಣ ನಿಂತಿದ್ದ. ನಿಂತೇ ಇದ್ದ, ಅದೇ ಆಶ್ಚರ್ಯ. ಬೆರಳ ನಡುವೆ ಹೆಬ್ಬೆಟ್ಟಿನಷ್ಟು ಒಂದು ಪ್ಲಗ್ಗು.

"ಏನೋ ಅದು?"

"ಲೂಪು, ಅತ್ತಿಗೇ. ಮೊದಲನೇ ದಿನ ಕಾರ್ಡ್ ಪರೀಕ್ಷೆ ಮಾಡೋಕೆ ನಾನೇ ಹಾಕಿದ್ದೆ, ತೆಗೆಯೋದು ಮರೆತೆ. ಕಂಪ್ಯೂಟರ್ ಕಳಿಸಿದ್ದೆಲ್ಲ ಈ ಡಬ್ಬಿಯಿಂದಲೇ ವಾಪಸ್ ಬರ್ತಿತ್ತು. ಹಸಿರು ದೀಪ ಉರಿಯದೆ ಇನ್ನೇನು?"

ಲೂಪು ಇದ್ದ ಜಾಗಕ್ಕೆ ಲೈನು ಸಿಕ್ಕಿಸಿದ. ಒಂದು ಮುರಿದ ಮೊಣಕೈಯ ಚಿತ್ರ ಅರೆಗಳಿಗೆಯಲ್ಲಿ ದೊಡ್ಡ ಊರು ಸೇರಿತು. "ಅಂತೂ ದೂರು ಕೊಟ್ಟ ಮೇಲೆ ಎಕ್ಸ್‌ಚೇಂಜಿನೋರಿಗೆ ಬುದ್ಧಿ ಬಂತು!" ಎಂದು ಮ್ಯಾನೇಜರ್ ಬೆನ್ನು ತಟ್ಟಿದ. ಚಕ್ರದಣ್ಣ ಲೂಪನ್ನು ಮೆಲ್ಲಗೆ ಜೇಬಿಗಿಳಿಸಿದ.

ಮನೆಗೆ ಬಂದವನೇ ಬಟ್ಟೆಗಳನ್ನು ಚೀಲಕ್ಕೆ ತುರುಕಿದ, ತೆಗೆದ, ಮತ್ತೆ ತುರುಕಿದ. ಐದು ಗಂಟೆಗೆ ಬಸ್ಸು.

"ಇಂಥ ತಪ್ಪು ಮಾಡಿದೋನು ಅಂತ ಹೆಸರು ಬಂದ್ರೆ ನಾಳೆ ನನ್ನನ್ನ ಯಾರು ಕೆಲಸಕ್ಕೆ ಕರೀತಾರೆ?"

"ನಾಳೆ ವಿಚಾರಣೇಲಿ ಅವನ ಗತಿ?"

"ನಾನು ಹೋದ್ಮೇಲೆ ನೀವೇ ಹೇಳಿಬಿಡಿ."

"ಬೈಯೋವಾಗ ಇದ್ದ ಬಾಯಿ ಈಗೆಲ್ಲಿ ಹೋಯ್ತು? ನಾನು ಹೇಳಿದ್ರೆ ಮೈದುನನ ಪರ ವಕಾಲತ್ತು ಅಂತಾರೆ. ನೀನಾಗಿ ಹೇಳಿದ್ರೇ ಬೆಲೆ."

ಅವನು ಬಾಗಿಲಿಗೆ ಹೋದ, ಬಂದ, ಚಪ್ಪಲಿ ಮೆಟ್ಟಿದ, ಬಿಟ್ಟ. ಗಡಿಯಾರ ನೋಡಿದ. ಆಮೇಲೆ ಸರ್ರನೆ ಬಂದು ಚೀಲವನ್ನು ಅತ್ತಿಗೆಯ ಮಡಿಲಿಗೆ ಹಾಕಿದ.

"ಮೊದಲು ನಿಮ್ಮ ಮೈದುನನ ಮನೆ, ಆಮೇಲೆ ಮ್ಯಾನೇಜರ್ ಹತ್ರ. ನೀವೂ ಜೊತೆಗೆ ಬನ್ನಿ ಅತ್ತಿಗೇ. ಎರಡೂ ಕಡೆ ಹೇಳಿ ಮುಗಿಸೋ ತನಕ, ನಾನು ಅತ್ತು ಕರೆದ್ರೂ ಈ ಚೀಲ ಮಾತ್ರ ಕೊಡ್ಬೇಡಿ."